ನೀತಿಪಾಠದ ತಾಸಿನಲ್ಲಿ ಕೇಳಿದ ಚರಿತ್ರೆ

ಕಾರವಾರದ ನಮ್ಮ ಕಾನ್ವೆಂಟ್ ಶಾಲೆಯಲ್ಲಿ ಕ್ರೈಸ್ತ ಮಕ್ಕಳು ಧರ್ಮೋಪದೇಶಕ್ಕೆ ಹೋದಾಗ ಉಳಿದ ನಮಗೆ ನೀತಿಪಾಠವಿರುತ್ತಿತ್ತು. ಅದನ್ನು ಕಲಿಸುತ್ತಿದ್ದ ಸಿಸ್ಟರ್ ತಮ್ಮ ಸ್ವಂತ ಸಂಸ್ಥೆಯ ಬಗ್ಗೆ ಹೇಳಿದ್ದು ಕಡಿಮೆ. ‘ಬಡವರ ಕಿರಿಯ ಸಹೋದರಿಯರು’ ಎಂಬ ಬೇರೊಂದು ಸಂಸ್ಥೆಯನ್ನು ಸ್ಥಾಪಿಸಿದ ಜೀನ್ ಜುಗಾನ್ ಅವರ ಬಗ್ಗೆ ಹೇಳಿದ್ದೇ ಹೆಚ್ಚು. ತರಗತಿಯಲ್ಲಿ ಮೀನುಗಾರರ ಮಕ್ಕಳು ಬಹಳ ಇದ್ದುದೇ ಅದಕ್ಕೆ ಕಾರಣವೆಂದು ನನಗೆ ಈಗ ಅನ್ನಿಸುತ್ತದೆ.

ಜೀನ್ 1792ರಲ್ಲಿ ಫ್ರಾನ್ಸಿನ ಬ್ರಿಟನಿ ಕರಾವಳಿಯ ಕಾಂಕಾಲ್‌ನಲ್ಲಿ ಹುಟ್ಟಿದರು. ಅವರಿನ್ನೂ ಚಿಕ್ಕವರಿದ್ದಾಗಲೇ ಮೀನು ಹಿಡಿಯಲು ಸಮುದ್ರಕ್ಕೆ ಹೋದ ತಂದೆ ತಿರುಗಿ ಬರಲಿಲ್ಲ. ಮೀನುಗಾರರ ಊರಾದ ಬೈತಖೋಲದಿಂದ ಬರುತ್ತಿದ್ದ ಹುಡುಗಿಯರಿಗೆ ಇದರ ಮೇಲೆ ವಿವರಣೆ ಬೇಕಿರಲಿಲ್ಲ.

ಮುಂದೆ ಅಡುಗೆಮನೆಯ ಚಾಕರಿ, ಆಸ್ಪತ್ರೆಯಲ್ಲಿ ರೋಗಿಗಳ ಆರೈಕೆ. 1839ರ ಚಳಿಗಾಲದಲ್ಲಿ, ತಮ್ಮ 47ನೆಯ ವಯಸ್ಸಿನಲ್ಲಿ, ಅವರು ಸೇಂಟ್ ಸರ್ವಾನ್ ಪಟ್ಟಣದ ತಮ್ಮ ಬಾಡಿಗೆ ಮನೆಗೆ ಕಣ್ಣು ಕಾಣದ, ಪಾರ್ಶ್ವವಾಯು ಬಡಿದ ಮುದುಕಿಯೊಬ್ಬಳನ್ನು ಕರೆತಂದು ತಮ್ಮದೇ ಹಾಸಿಗೆಯಲ್ಲಿ ಮಲಗಿಸಿದರು. ಬರಬರುತ್ತ ಅಂಥವರು ಹೆಚ್ಚಾದರು. ಅವರಲ್ಲಿ ಅನೇಕರು ಭಿಕ್ಷೆಯಿಂದಲೇ ಬದುಕಿದವರಾದ್ದರಿಂದ, ಅವರು ಮತ್ತೆ ಬೀದಿಗಿಳಿಯದಂತೆ ಜೀನ್ ತಾವೇ ಬುಟ್ಟಿ ಹಿಡಿದು, ಅವರಿಗೆ ಕೊಡುತ್ತಿದ್ದ ಮನೆಗಳಿಗೆ ಅವರ ಬದಲಾಗಿ ಹೋಗಿ ಬೇಡತೊಡಗಿದರು. ಸಿಸ್ಟರ್ ಇಲ್ಲಿ ನಿಲ್ಲಿಸಿ, ಹಸಿದವನು ಬೇಡುವುದು ಬೇರೆ, ಇನ್ನೊಬ್ಬರ ಅವಮಾನವನ್ನು ತಾನು ಹೊತ್ತು ಬೇಡುವುದು ಬೇರೆ ಎನ್ನುತ್ತಿದ್ದರು.

ಮುಂದಿನ ಭಾಗವನ್ನು ಅವರು ಮುಚ್ಚಿಡದೆ ಹೇಳಿದರೆಂಬುದು ನನಗೆ ಈಗಲೂ ದೊಡ್ಡದಾಗಿ ಕಾಣುತ್ತದೆ. 1843ರಲ್ಲಿ, ಈ ಸೇವೆಯಲ್ಲಿ ಜೊತೆಗೂಡಿದ್ದ ಸಹೋದರಿಯರು ಜೀನ್ ಅವರನ್ನೇ ಮತ್ತೆ ಮುಖ್ಯಸ್ಥೆಯಾಗಿ ಆರಿಸಿದರೂ ಅವರ ಮಾರ್ಗದರ್ಶಕನಾಗಿದ್ದ ಪಾದ್ರಿ ಲ ಪಾಯರ್ ಆ ಆಯ್ಕೆಯನ್ನು ತಳ್ಳಿಹಾಕಿ, ಕಿರಿಯಳಾದ ಮರಿ ಜಾಮೆಯನ್ನು ಆ ಸ್ಥಾನದಲ್ಲಿ ಕೂರಿಸಿ, ಕ್ರಮೇಣ ತಾನೇ ಸ್ಥಾಪಕನೆಂದು ಹೇಳಿಕೊಂಡ. 1845ರಲ್ಲಿ ಫ್ರೆಂಚ್ ಅಕಾಡೆಮಿಯ ಬಹುಮಾನ ಪಡೆದಿದ್ದ ಜೀನ್ ಅವರನ್ನು 1852ರಲ್ಲಿ ಬೇಡಿ ತರುವ ಕೆಲಸದಿಂದಲೂ ಬಿಡಿಸಲಾಯಿತು. ಅಲ್ಲಿಂದ ಸಾಯುವವರೆಗೆ 27 ವರ್ಷ ಅವರು ಸಾಮಾನ್ಯ ಸಹೋದರಿಯಾಗಿ ಕಳೆದರು. ಜೊತೆಗಿದ್ದ ಹೊಸ ಹುಡುಗಿಯರಿಗೆ ಇವರೇ ಸ್ಥಾಪಕಿ ಎಂಬುದು ತಿಳಿದಿರಲಿಲ್ಲ. 1879ರಲ್ಲಿ ಅವರು ತೀರಿಕೊಂಡಾಗ ಸಂಸ್ಥೆಯಲ್ಲಿ ಸುಮಾರು 2,400 ಸಹೋದರಿಯರಿದ್ದರು. ಲ ಪಾಯರ್‌ನನ್ನು ರೋಮ್ ಅಧಿಕಾರದಿಂದ ಇಳಿಸಿದ್ದು 1890ರಲ್ಲಿ. ಜೀನ್ ಅವರಿಗೆ ಸಂತ ಪದವಿ ದೊರೆತದ್ದು 2009ರಲ್ಲಿ.

ಅವರೇಕೆ ದೂರು ಕೊಡಲಿಲ್ಲವೆಂದು ನಮ್ಮಲ್ಲೊಬ್ಬಳು ಕೇಳಿದ್ದಳು. ವಿಧೇಯತೆಯ ವ್ರತ ಎಂಬ ಸಿಸ್ಟರ್ ಉತ್ತರ ನನಗೆ ಆಗಲೂ ಒಪ್ಪಿಗೆಯಾಗಲಿಲ್ಲ, ಈಗಲೂ ಆಗಿಲ್ಲ. ನಾನು ಮೆಚ್ಚುವುದು 1865ರ ಜೀನ್ ಅವರನ್ನು. ಸಂಸ್ಥೆಯು ಠೇವಣಿ ಮತ್ತು ನಿಶ್ಚಿತ ವರಮಾನವನ್ನು ಇಟ್ಟುಕೊಳ್ಳಬಹುದೇ ಎಂಬ ಪ್ರಶ್ನೆ ಬಂದಾಗ, ಮೂಲೆಗೆ ಸರಿಸಿದ್ದ ಅವರನ್ನೂ ಸಮಾಲೋಚನೆಗೆ ಕರೆಯಲಾಯಿತು. ಅವರು ಬೇಡವೆಂದರು, ಆ ನಿರ್ಣಯಕ್ಕೆ ಸಹಿಯನ್ನೂ ಹಾಕಿದರು.

ಆ ಸಂಸ್ಥೆ 1882ರಲ್ಲಿ ಕಲ್ಕತ್ತೆಗೆ, 1900ರಲ್ಲಿ ಬೆಂಗಳೂರಿಗೆ ಬಂತು. ಉದ್ಯೋಗಕ್ಕಾಗಿ ಬೆಂಗಳೂರು ಸೇರಿದ ಮೇಲೆ ಹೊಸೂರು ರಸ್ತೆಯಲ್ಲಿರುವ ಅವರ ವೃದ್ಧಾಶ್ರಮವನ್ನು ನೋಡಿದೆ. ಜಾತಿ ಮತ ಕೇಳದೆ ಬಡ ವೃದ್ಧರನ್ನು ಸೇರಿಸಿಕೊಳ್ಳುವ ಆ ಮನೆ, ಇಂದಿಗೂ ಜನ ಕೊಟ್ಟ ಅಕ್ಕಿ, ತರಕಾರಿ, ಕಾಣಿಕೆಗಳನ್ನೇ ನೆಚ್ಚಿಕೊಂಡಿದೆ.