ಪೈ ಸಿಗ್ತಾ ಇದೆಯಾ?

ರಾಸ್ಪ್‌ಬೆರಿ ಪೈ, ಅಂದರೆ ಒಂದೇ ಬೋರ್ಡಿನ ಪುಟ್ಟ ಕಂಪ್ಯೂಟರ್, ಸಿಗುತ್ತಿದೆ. ಇದನ್ನು ಇನ್ನು ಬಾಯಲ್ಲಿ ಹೇಳುವುದಿಲ್ಲ. ಕೇಳಿದವರಿಗೆ ಈ ಬರಹವನ್ನೇ ಕಳಿಸುತ್ತೇನೆ.

ಪ್ರಶ್ನೆಗಿಂತ ಅದರ ಬಾಲ ನನ್ನನ್ನು ಕೆರಳಿಸುತ್ತದೆ: "ಅಂಗೈಯಗಲದ ಬೋರ್ಡು, ಅದಕ್ಕೂ ಇಷ್ಟು ಅಭಾವವಾ?" ಹೌದು, ಅದಕ್ಕೂ ಇತ್ತು. 2021ರ ಚಿಪ್ ಕೊರತೆಯಲ್ಲಿ ಹೆಚ್ಚು ಪೆಟ್ಟು ತಿಂದದ್ದೇ ಹಳೆಯ ಬೋರ್ಡುಗಳು. ಪೈ 3, ಪೈ ಝೀರೋಗಳ ಚಿಪ್ಪು 40 ನ್ಯಾನೋಮೀಟರ್ ಎಂಬ ತಯಾರಿಕೆಯ ತಂತ್ರದ್ದು. ಆ ಹಳೆಯ ತಂತ್ರದ ಉತ್ಪಾದನೆಗೆ ಎಲ್ಲರೂ ಮುಗಿಬಿದ್ದಿದ್ದರು. ಆ ಅಕ್ಟೋಬರಿನಲ್ಲಿ 2 ಜಿಬಿ ಮೆಮೊರಿಯ ಪೈ 4 ಬೆಲೆ 35 ಡಾಲರಿನಿಂದ 45ಕ್ಕೆ ಏರಿತು. ರಾಸ್ಪ್‌ಬೆರಿ ಪೈ ಬೆಲೆ ಏರಿಸಿದ್ದು ಅದೇ ಮೊದಲು. ಇದ್ದಷ್ಟು ಬೋರ್ಡನ್ನು ಮೊದಲು ಉದ್ಯಮಗಳಿಗೆ ಕೊಡುತ್ತೇವೆ ಎಂದು ಕಂಪನಿ ಹೇಳಿದಾಗ ನನಗೂ ಸಿಟ್ಟು ಬಂದಿತ್ತು. ಈಗ ಅದು ಸರಿಯೆನಿಸುತ್ತದೆ. ಪೈ ಒಳಗಿಟ್ಟು ಯಂತ್ರ ಮಾಡಿ ಮಾರುವ ಸಣ್ಣ ಕಂಪನಿಗೆ ಬೋರ್ಡ್ ಬರದಿದ್ದರೆ ಸಂಬಳ ನಿಲ್ಲುತ್ತದೆ. ನನಗೆ ಬರದಿದ್ದರೆ ಒಂದು ಭಾನುವಾರ ಖಾಲಿ ಹೋಗುತ್ತದೆ, ಅಷ್ಟೆ.

"ನಿಮ್ಮ ಹತ್ರ ಹೇಗೂ ನಾಲ್ಕೈದು ಇರ್ತವಲ್ಲ, ಒಂದು ಕೊಡಿ" ಅನ್ನುವವರಿಗೂ ಇಲ್ಲೇ ಹೇಳಿಬಿಡುತ್ತೇನೆ. ಮೂರಿವೆ. ಮೂರೂ ಕೆಲಸದಲ್ಲಿವೆ. ಕೊಡುವುದಿಲ್ಲ. ಬರೀ ತಾಪಮಾನ ಓದಿ ಒಂದು ದೀಪ ಹೊತ್ತಿಸಬೇಕಾದರೆ ನಿಮಗೆ ಪೈಯಂತೆ ಲಿನಕ್ಸ್ ಎಂಬ ಓಎಸ್ (ಕಂಪ್ಯೂಟರ್ ನಡೆಸುವ ಮೂಲ ತಂತ್ರಾಂಶ) ಓಡಿಸುವ ಬೋರ್ಡೇ ಬೇಡ. 2021ರ ಜನವರಿಯಲ್ಲಿ ಬಂದ 4 ಡಾಲರಿನ ಪೀಕೋ, ಅದೇ ಕಂಪನಿಯ ಪುಟ್ಟ ಕಂಟ್ರೋಲರ್ ಬೋರ್ಡ್, ಸಾಕು. ಅದು ಆ ಬರಗಾಲದಲ್ಲೂ ಸಿಗುತ್ತಿತ್ತು.

ಯಾರೂ ಕೇಳದ ಪ್ರಶ್ನೆ ಇನ್ನೊಂದಿದೆ: ಕೊಂಡ ಮೇಲೆ ಈ ಬೋರ್ಡಿಗೆ ಎಷ್ಟು ವರ್ಷ ತಂತ್ರಾಂಶ ಸಿಗುತ್ತದೆ?

2022ರಲ್ಲಿ ಕಾದು ಕಾದು ಸಾಕಾಗಿ ಬೇರೊಂದು ಕಂಪನಿಯ ಬೋರ್ಡ್ ತರಿಸಿದ್ದೆ. ಪೈಗಿಂತ ಹೆಚ್ಚು ಕೋರ್, ಅದೇ ಬೆಲೆಗೆ ದುಪ್ಪಟ್ಟು ರ‍್ಯಾಮ್. ಪಿನ್‌ಗಳೂ ಅದೇ ನಲವತ್ತು, ಎರಡು ಸಾಲಿನಲ್ಲಿ; ಸೆನ್ಸರ್, ದೀಪ ಜೋಡಿಸುವುದು ಇವಕ್ಕೇ. ಕಂಪನಿ ಕೊಟ್ಟ ಇಮೇಜನ್ನು (ಇಡೀ ಓಎಸ್ ಇರುವ ಫೈಲು) ಎಸ್‌ಡಿ ಕಾರ್ಡಿಗೆ ಬರೆದು ಹಚ್ಚಿದೆ, ಪರದೆ ಬಂತು, ವೈಫೈ ಬಂತು, ಖುಷಿಯಾಯಿತು. ಮೂರನೇ ದಿನ ಸೆನ್ಸರ್ ಜೋಡಿಸಿದೆ. ನಾನು ಬರೆದಿದ್ದ ಕೋಡಿನ ಪಿನ್ ಸಂಖ್ಯೆ ಒಂದೂ ಅದಕ್ಕೆ ಹೊಂದಲಿಲ್ಲ. ಪಿನ್ನಿನ ಜಾಗ ಅದೇ, ಲಿನಕ್ಸಿನೊಳಗೆ ಅದರ ಸಂಖ್ಯೆ ಬೇರೆ. ಅದನ್ನೂ ಕೂತು ಸರಿಮಾಡಿದೆ. ಆಮೇಲೆ ಲಿನಕ್ಸಿನ ತಿರುಳಾದ ಕರ್ನಲ್ ಅಪ್‌ಡೇಟ್ ಮಾಡಿದೆ, ವೈಫೈ ಸತ್ತಿತು. ಅದನ್ನು ನಡೆಸುವ ತಂತ್ರಾಂಶ (ಡ್ರೈವರ್) ಇದ್ದದ್ದು ಕಂಪನಿಯ ಹಳೆಯ ಕರ್ನಲ್ಲಿನಲ್ಲಿ ಮಾತ್ರ. ಹೊಸ ಇಮೇಜ್ ಕೇಳಿ ಎರಡು ಸಲ ಬರೆದೆ. ಉತ್ತರ ಬರಲಿಲ್ಲ. ವರ್ಷ ಕಳೆಯುವುದರೊಳಗೆ ಡೌನ್‌ಲೋಡ್ ಪುಟವೇ ಇಲ್ಲವಾಯಿತು.

ಎಲ್ಲ ಬೇರೆ ಬೋರ್ಡುಗಳೂ ಹೀಗಲ್ಲ. ಆರ್ಮ್‌ಬಿಯನ್ ಯೋಜನೆಯವರು ಇಂಥವಕ್ಕೆ ಲಿನಕ್ಸ್ ಸಿದ್ಧಪಡಿಸಿ ಕೊಡುತ್ತಾರೆ; ಹಾಗೆ ಎಷ್ಟೋ ಬೋರ್ಡುಗಳಿಗೆ ಜೀವ ಕೊಟ್ಟು ಉಳಿಸಿದ್ದಾರೆ. ಕೊಳ್ಳುವ ಮೊದಲು ಅವರ ಪಟ್ಟಿಯಲ್ಲಿ ನಿಮ್ಮ ಬೋರ್ಡ್ ಇದೆಯೇ ನೋಡಿ. ನಾನು ನೋಡಿರಲಿಲ್ಲ.

ಈಗ ತೊಂದರೆಯ ಮುಖ ಬದಲಾಗಿದೆ. ಎಐ ಡೇಟಾ ಸೆಂಟರುಗಳು ಮೆಮೊರಿ ಚಿಪ್ಪನ್ನು ಬಾಚಿಕೊಳ್ಳುತ್ತಿವೆ. 2025ರ ಡಿಸೆಂಬರಿನಲ್ಲಿ 16 ಜಿಬಿಯ ಪೈ 5 ಬೆಲೆ 120 ಡಾಲರಿನಿಂದ 145ಕ್ಕೆ ಹೋಯಿತು. ಹಾಗಾಗಿ "ಇರೋದ್ರಲ್ಲಿ ದೊಡ್ಡದೇ ತಗೊಳ್ಳೋಣ ಬಿಡಿ" ಅನ್ನಬೇಡಿ. ಬಹಳಷ್ಟು ಹವ್ಯಾಸಿ ಕೆಲಸಕ್ಕೆ 1 ಜಿಬಿ ಧಾರಾಳ.

ನನ್ನ ಮೂರರಲ್ಲಿ ಒಂದು, 2012ರ ಮೊದಲ ಮಾದರಿ. ರ‍್ಯಾಮ್ 256 ಎಂಬಿ. ಏಳುವುದಕ್ಕೆ ಸಮಯ ಬೇಕು, ಬ್ರೌಸರ್ ತೆರೆಯುವ ಮಾತೇ ಬೇಡ. ಆದರೆ ರಾಸ್ಪ್‌ಬೆರಿ ಪೈ ಓಎಸ್‌ನ 32 ಬಿಟ್ ಆವೃತ್ತಿ ಅದಕ್ಕೆ ಇನ್ನೂ ಹೊಂದುತ್ತದೆ. ಹತ್ತು ನಿಮಿಷಕ್ಕೊಮ್ಮೆ ಕೋಣೆಯ ತಾಪಮಾನ ಬರೆದಿಡುತ್ತಾ ಕಪಾಟಿನ ಮೇಲೆ ಕೂತಿದೆ. ದುಪ್ಪಟ್ಟು ರ‍್ಯಾಮಿನ ಆ ಬೋರ್ಡು ಅದರ ಪಕ್ಕದಲ್ಲೇ ಇದೆ, ತಂತಿ ಕಿತ್ತು ಇಟ್ಟಿದ್ದೇನೆ.