ಗೊಂಬೆ ಹಬ್ಬದ ಮಕ್ಕಳ ಸಂಜೆ: ನಮ್ಮ ಮನೆಯ ತಯಾರಿ

ಆಗಸ್ಟ್ 31, 2025, ಭಾನುವಾರ

ಗಣೇಶನನ್ನು ಬಿಟ್ಟಾಯಿತು, ಇನ್ನು ಮೆಟ್ಟಿಲ ಮೇಲೆ ಗೊಂಬೆ ಕೂರಿಸುವ ಕೆಲಸ. ಈ ಸಲ ನವರಾತ್ರಿ ಸೆಪ್ಟೆಂಬರ್ 22ಕ್ಕೆ ಶುರು, ವಿಜಯದಶಮಿ ಅಕ್ಟೋಬರ್ 2ಕ್ಕೆ. ನಡುವೆ ಬರುವ ಶನಿವಾರ, ಅಂದರೆ 27ರ ಸಂಜೆ, ಮೈಸೂರಿನ ನಮ್ಮ ಮನೆಯಲ್ಲಿ ಮಕ್ಕಳಿಗೆಂದೇ ಒಂದು ಗೊಂಬೆ ಆರತಿ ಇಟ್ಟುಕೊಳ್ಳುವುದು ಅಂತ ತೀರ್ಮಾನವಾಗಿದೆ. ಮಗಳ ಕ್ಲಾಸಿನವರು, ಬೀದಿಯ ಮಕ್ಕಳು, ಅವರ ಅಪ್ಪ ಅಮ್ಮ, ಅಜ್ಜಿ ತಾತ, ಎಲ್ಲ ಸೇರಿ ಮೂವತ್ತು ಜನರ ಅಂದಾಜು.

ಗೊಂಬೆ ಕೂರಿಸಿದ ಮನೆಗೆ ಬರುವ ಮಗುವಿನ ಕಿವಿಗೆ ಮೊದಲು ಬೀಳುವ ಮಾತು "ಮುಟ್ಬೇಡ". ಇದು ನನಗೆ ಸರಿ ಕಾಣುವುದಿಲ್ಲ. ಹಳೇ ಮಣ್ಣಿನ ಗೊಂಬೆ ಜೋಪಾನ ಮಾಡಬೇಕು, ನಿಜ. ಆದರೆ ಕೈಗೆ ಸಿಗದ ಗೊಂಬೆ ಮಗುವಿನ ಮಟ್ಟಿಗೆ ಬರೀ ಅಂಗಡಿಯ ಸಾಮಾನು. ಹಾಗಾಗಿ ಈ ವರ್ಷದ ಯೋಚನೆ ಇದು: ಮೇಲಿನ ಮೆಟ್ಟಿಲುಗಳು ನೋಡೋಕೆ, ಕೆಳಗಿನ ಮೆಟ್ಟಿಲು ಮತ್ತು ನೆಲ ಪೂರ್ತಿ ಮಕ್ಕಳ ಕೈಗೆ. ಅಲ್ಲಿ ಯಾರಿಗೂ ಬೈಗುಳ ಇಲ್ಲ.

ಅತ್ತೆಗೆ ಹೇಳಿದೆ. ಸ್ವಲ್ಪ ಹೊತ್ತು ಯೋಚನೆ ಮಾಡಿ, "ಪಟ್ಟದ ಗೊಂಬೆ ಹತ್ರ ಮಾತ್ರ ಯಾರೂ ಹೋಗ್ಬಾರ್ದು, ಮಿಕ್ಕಿದ್ದು ನಿನ್ನಿಷ್ಟ ಕಣಮ್ಮ" ಅಂದರು. ಪಟ್ಟದ ಗೊಂಬೆ ಅಂದರೆ ರಾಜ ರಾಣಿಯ ಜೋಡಿ. ಜೊತೆಗೆ ಇನ್ನೊಂದು ಮಾತು: ಹೊಸ ಗೊಂಬೆ ತರುವುದಿದ್ದರೆ ಪಿತೃಪಕ್ಷಕ್ಕೆ ಮುಂಚೆ ತಂದುಬಿಡಬೇಕು. 7ಕ್ಕೆ ಹುಣ್ಣಿಮೆ, ಅವತ್ತೇ ರಾತ್ರಿ ಚಂದ್ರಗ್ರಹಣ. 8ರಿಂದ ಪಕ್ಷ ಶುರು. ಅಂದರೆ ನಮಗಿರುವುದು ಈ ವಾರ ಮಾತ್ರ.

ಸೆಪ್ಟೆಂಬರ್ 6, ಶನಿವಾರ

ಚನ್ನಪಟ್ಟಣಕ್ಕೆ ರೈಲಿನಲ್ಲಿ ಹೋಗಿ ಬಂದೆವು. ಮಕ್ಕಳ ಕೈಗೆ ಕೊಡಲು ಅಲ್ಲಿನ ಮರದ ಗೊಂಬೆಗಿಂತ ಒಳ್ಳೆಯದು ನನಗೆ ಗೊತ್ತಿಲ್ಲ. ಬಿದ್ದರೆ ಒಡೆಯುವುದಿಲ್ಲ, ಚೂಪು ಮೂಲೆ ಇಲ್ಲ.

ಒಂದು ಚಿಕ್ಕ ಕಾರ್ಖಾನೆಯಲ್ಲಿ ಕೆಲಸ ನೋಡಲು ಬಿಟ್ಟರು. ಹಾಲೆ ಮರದ ತುಂಡು ಲೇತಿನಲ್ಲಿ ಗಿರಗಿರ ತಿರುಗುತ್ತಿರುತ್ತದೆ. ಅಕ್ಕ ಒಬ್ಬರು ಉಳಿ ಹಿಡಿದು ಬುಗುರಿಯ ಹೊಟ್ಟೆ ಕಡೆದರು. ಆಮೇಲೆ ಬಣ್ಣದ ಅರಗಿನ ಕಡ್ಡಿಯನ್ನು ತಿರುಗುವ ಮರಕ್ಕೆ ಒತ್ತಿದರು. ಉಜ್ಜಿದ ಬಿಸಿಗೆ ಅರಗು ಕರಗಿ ಮರಕ್ಕೆ ಹತ್ತಿಕೊಳ್ಳುತ್ತದೆ. ಕುಂಚ ಇಲ್ಲ, ಒಣಗಲು ಕಾಯುವುದೂ ಇಲ್ಲ. ಕೊನೆಗೆ ಕೇದಗೆ ಎಲೆ ಮಡಚಿ ಒತ್ತಿ ಹಿಡಿದರೆ ಹೊಳಪು ಬಂತು. ಮಗಳು ಕಣ್ಣು ಮಿಟುಕಿಸದೆ ನಿಂತಿದ್ದಳು. "ಬಣ್ಣ ಯಾವುದರಿಂದ?" ಅಂತ ಕೇಳಿ ತೆಗೆದುಕೊಳ್ಳಿ. ಗಿಡಮೂಲದ ಬಣ್ಣ ಬಳಸುವವರು ಖುಷಿಯಿಂದ ಹೇಳುತ್ತಾರೆ, ಅರಿಶಿನದ ಹಳದಿ, ನೀಲಿ ಗಿಡದ ನೀಲಿ ಅಂತ. ಬಾಯಿಗಿಟ್ಟುಕೊಳ್ಳುವ ಮಕ್ಕಳಿದ್ದರೆ ಈ ಪ್ರಶ್ನೆ ಕೇಳಲೇಬೇಕು.

ತಂದಿದ್ದು: ಬಂದ ಮಕ್ಕಳಿಗೆಲ್ಲ ಒಂದೊಂದು ಬುಗುರಿ, ತೀರಾ ಪುಟ್ಟವರಿಗೆ ದೊಡ್ಡ ಗಿಲಕಿ, ಒಂದು ಅಡುಗೆ ಆಟದ ಸೆಟ್ಟು, ಒಂದು ರೈಲು. ಮೇಲಿನ ಮೆಟ್ಟಿಲಿಗೆ ಹೊಸದೇನೂ ಬೇಡ ಅಂದುಕೊಂಡೆವು, ಇರುವುದೇ ಬೇಕಾದಷ್ಟಿದೆ.

ಸೆಪ್ಟೆಂಬರ್ 14, ಭಾನುವಾರ

ಪಕ್ಷದಲ್ಲಿ ಹೊಸದು ತರಬಾರದು ಅಷ್ಟೇ, ಇರುವುದನ್ನು ರಿಪೇರಿ ಮಾಡಬಹುದು. ಅಟ್ಟದಿಂದ ಟ್ರಂಕುಗಳು ಇಳಿದವು. ದಶಾವತಾರದ ಸೆಟ್ಟಿನಲ್ಲಿ ವಾಮನನ ಕೊಡೆ ಮುರಿದಿದೆ, ಅದಕ್ಕೆ ಊದಿನಕಡ್ಡಿಯ ಕೋಲು ಮತ್ತು ದಪ್ಪ ಕಾಗದ. ಮದುವೆ ಸೆಟ್ಟಿನ ವಾಲಗದವರ ಬಣ್ಣ ಉದುರಿದೆ. ಅದನ್ನು ಹಾಗೇ ಬಿಟ್ಟೆ. ಹಳೇ ಗೊಂಬೆಗೆ ಅಂಗಡಿಯ ಹೊಳೆಯುವ ಪೇಂಟ್ ಬಳಿದರೆ ಮುಖದ ಕಳೆಯೇ ಹೋಗುತ್ತದೆ.

ಜಾಸ್ತಿ ಹೊತ್ತು ಹಿಡಿದಿದ್ದು ಪಟ್ಟದ ಗೊಂಬೆ. ಅತ್ತೆಯ ಮದುವೆಯಲ್ಲಿ ಅವರ ತವರಿನಿಂದ ಬಂದ ರಕ್ತಚಂದನದ ರಾಜ ರಾಣಿ. ಅವಕ್ಕೆ ಪ್ರತಿ ವರ್ಷ ಹೊಸ ಬಟ್ಟೆ ಆಗಬೇಕು. ಈ ಸಲ ರಾಣಿಗೆ ನನ್ನ ಹಳೇ ರೇಷ್ಮೆ ಕುಪ್ಪಸದ ಅಂಚು. ಗೇಣುದ್ದದ ಗೊಂಬೆಗೆ ಸೀರೆ ಉಡಿಸುವ ಗುಟ್ಟು ನೆರಿಗೆಯಲ್ಲಿದೆ. ಬಟ್ಟೆಗೆ ತೆಳ್ಳಗೆ ಗಂಜಿ ಹಾಕಿ, ಅರ್ಧ ಬೆರಳಗಲ ನೆರಿಗೆ ಹಿಡಿದು, ಇಸ್ತ್ರಿ ಮಾಡಿ ಮೊದಲೇ ಕೂರಿಸಿಕೊಳ್ಳಬೇಕು. ಆಮೇಲೆ ಸೊಂಟಕ್ಕೆ ದಾರ ಸುತ್ತಿ ನೆರಿಗೆಯನ್ನು ಅದರೊಳಗೆ ಸಿಕ್ಕಿಸುವುದು. ದಾರ ಕಾಣದ ಹಾಗೆ ಮೇಲೊಂದು ಜರಿ ಪಟ್ಟಿ ಡಾಬಾಗುತ್ತದೆ. ಸೆರಗಿಗೆ ಮಾತ್ರ ಎರಡು ಹೊಲಿಗೆ. ಅಂಟು ಹಾಕಲು ಅತ್ತೆ ಬಿಡುವುದಿಲ್ಲ, ಮರಕ್ಕೆ ಕಲೆಯಾಗುತ್ತದೆ ಅಂತಾರೆ. ಸರಿಯಾದ ಮಾತೇ. ರಾಜನಿಗೆ ಪೇಟ ಕಟ್ಟಿದ್ದು ನಮ್ಮ ಯಜಮಾನರು, ಮೈಸೂರು ಪೇಟವೇ ಆಗಬೇಕು ಅಂತ ಹಟ ಹಿಡಿದು.

ಗೊಂಬೆಗಳ ಮುಂದೆ ಮಾಡುವ ಪುಟ್ಟ ಪಾರ್ಕಿಗೂ ಇವತ್ತೇ ಬಿತ್ತನೆ. ರಾಗಿಯನ್ನು ರಾತ್ರಿ ನೆನೆಸಿ, ಒದ್ದೆ ಬಟ್ಟೆಯಲ್ಲಿ ಮೊಳಕೆ ಕಟ್ಟಿ, ಅಗಲ ತಟ್ಟೆಯ ಮಣ್ಣಿನ ಮೇಲೆ ಒತ್ತಾಗಿ ಉದುರಿಸಬೇಕು. ಮೇಲೆ ತೆಳುವಾಗಿ ಗೊಬ್ಬರ. ವಾರ ಕಳೆಯುವಷ್ಟರಲ್ಲಿ ಹಸಿರು ಹಾಸು ಬರುತ್ತದೆ. ಮಕ್ಕಳ ಸಂಜೆ 27ಕ್ಕಾದ್ದರಿಂದ ಎರಡನೇ ಕಂತು ಮೆಂತ್ಯವನ್ನು 20ರ ಸುಮಾರಿಗೆ ಹಾಕುತ್ತೇನೆ. ಒಂದೇ ಸಲ ಬಿತ್ತಿದರೆ ಅಷ್ಟು ಹೊತ್ತಿಗೆ ಪೈರು ಬೆಳೆದು ಬಾಗಿಬಿಡುತ್ತದೆ.

ಸೆಪ್ಟೆಂಬರ್ 18, ಗುರುವಾರ

ಕರೆಯುವ ಕೆಲಸ. ದಸರಾ ರಜೆಗೆ ಅರ್ಧ ಮಕ್ಕಳು ಅಜ್ಜಿ ಊರಿಗೆ ಹೋಗಿರುತ್ತಾರೆ, ಈಗಲೇ ಕೇಳಿಕೊಳ್ಳುವುದು ಒಳ್ಳೆಯದು. ಹೊತ್ತು ನಾಲ್ಕೂವರೆಯಿಂದ ಆರೂವರೆ. ಏಳು ಗಂಟೆಗೆ ಅರಮನೆ ದೀಪ ಹತ್ತುತ್ತದೆ. ಲೈಟಿಂಗ್ಸ್ ನೋಡಲು ಊರಿಗೆ ಊರೇ ರಸ್ತೆಗಿಳಿದರೆ ಚಿಕ್ಕ ಮಕ್ಕಳನ್ನು ಕಟ್ಟಿಕೊಂಡು ಮನೆ ಸೇರುವುದು ಕಷ್ಟ. ಎರಡು ಗಂಟೆಗಿಂತ ಜಾಸ್ತಿ ಎಳೆದರೆ ಪುಟ್ಟವರು ಹೇಗೂ ರಚ್ಚೆ ಹಿಡಿಯುತ್ತಾರೆ.

ಅರಿಶಿನ ಕುಂಕುಮಕ್ಕೆ ಬನ್ನಿ ಅಂತ ಕರೆದರೆ ಕೆಲವರು ಸುಮ್ನೆ ಮನೆಯಲ್ಲೇ ಉಳಿದುಬಿಡುತ್ತಾರೆ. ಎದುರು ಮನೆಯ ಆಂಟಿ, ಯಜಮಾನರು ಹೋದಮೇಲೆ, ಯಾರ ಮನೆಯ ಗೊಂಬೆ ನೋಡಲೂ ಬಂದಿಲ್ಲ. ಈ ಸಲ ನಾನು ಮತ್ತು ಅತ್ತೆ ಇಬ್ಬರೂ ಹೋಗಿ, "ಮನೆಯವರೆಲ್ಲ ಗೊಂಬೆ ನೋಡೋಕೆ ಬರ್ಬೇಕು, ನೀವು ಮಕ್ಕಳಿಗೆ ಕಥೆ ಹೇಳ್ಬೇಕು" ಅಂತ ಕರೆದು ಬಂದೆವು. ತಾಂಬೂಲದ ಚೀಲವೂ ಎಲ್ಲರಿಗೂ ಒಂದೇ ಥರ. ಮಗಳ ಕ್ಲಾಸಿನಲ್ಲಿ ಹಬ್ಬವನ್ನೇ ನೋಡದ ಮಕ್ಕಳೂ ಇದ್ದಾರೆ, ಅವರಿಗೂ ಹೇಳಿದ್ದೇವೆ. ಗಂಡು ಮಕ್ಕಳಿಗೂ ಬಾಗಿನ ಉಂಟು.

ಒಬ್ಬ ಹುಡುಗನಿಗೆ ಕಡಲೆಕಾಯಿ ಆಗುವುದಿಲ್ಲವಂತೆ. ಕರೆಯುವಾಗಲೇ ಕೇಳಿದ್ದಕ್ಕೆ ಗೊತ್ತಾಯಿತು. ತಿಂಡಿ ಪಟ್ಟಿಯಿಂದ ಕಡಲೆಬೀಜ ಹೊರಗೆ, ಕಡಲೆಕಾಯಿ ಎಣ್ಣೆಯೂ ಬೇಡ.

ಸೆಪ್ಟೆಂಬರ್ 21, ಮಹಾಲಯ ಅಮಾವಾಸ್ಯೆ

ಮೆಟ್ಟಿಲು ಕಟ್ಟಿದೆವು. ಮೆಟ್ಟಿಲ ಲೆಕ್ಕ ಬೆಸ ಇರಬೇಕು, ಹೋದ ವರ್ಷ ಏಳು. ಈ ಸಲ ಐದಕ್ಕೆ ಇಳಿಸಿದೆ, ಉಳಿದ ಜಾಗ ನೆಲದ ಆಟಕ್ಕೆ. ಖಾಲಿ ಟ್ರಂಕು, ಬೆಂಚು, ಹಲಗೆ ಜೋಡಿಸಿ, ಪ್ರತಿ ಹಲಗೆಯನ್ನೂ ಹಿಂದಿನದಕ್ಕೆ ಹಗ್ಗದಿಂದ ಬಿಗಿದು, ಮೇಲೆ ಬಿಳಿ ಪಂಚೆ. ಪಂಚೆಯ ಅಂಚು ನೆಲಕ್ಕೆ ಇಳಿಬಿಡಬೇಡಿ, ಹಲಗೆಯಡಿಗೆ ಮಡಚಿ ಪಿನ್ ಹಾಕಿ. ಅಂಬೆಗಾಲಿಡುವ ಮಗು ಮೊದಲು ಎಳೆಯುವುದೇ ಅದನ್ನು.

ದೀಪದ ಜಾಗವೂ ಬದಲಾಯಿತು. ರೇಷ್ಮೆ, ಕಾಗದ, ಪಂಚೆ ಇರುವ ಕಡೆ ನೆಲದ ಮೇಲೆ ದೀಪ ಬೇಡ. ಎಣ್ಣೆ ದೀಪ ಪಕ್ಕದ ಎತ್ತರದ ಸ್ಟೂಲಿನ ಮೇಲೆ, ಗೊಂಬೆಗಳಿಗೆ ಸೀರಿಯಲ್ ಸೆಟ್ಟು ಸಾಕು.

ನಾಳೆ ಪಾಡ್ಯ, ಬೆಳಗ್ಗೆ ಕಳಶ ಇಟ್ಟು ಪಟ್ಟದ ಗೊಂಬೆ ಕೂರಿಸುವುದು.

ಸೆಪ್ಟೆಂಬರ್ 25, ಗುರುವಾರ

ದಿನಾ ಸಂಜೆ ಬೀದಿಯ ಮಕ್ಕಳು "ಗೊಂಬೆ ಕೂರ್ಸಿದ್ದೀರಾ?" ಅಂತ ಬರುತ್ತಿದ್ದಾರೆ. ಗೊಂಬೆ ನೋಡಲು ಬಂದವರಿಗೆ ಕೊಡುವ ತಿಂಡಿ, ಅಂದರೆ ಚರ್ಪು, ಒಂದು ದಿನ ಹೆಸರುಕಾಳು ಉಸಲಿ, ಒಂದು ದಿನ ರವೆ ಉಂಡೆ. ಅವರು ಎಲ್ಲಿ ನಿಲ್ಲುತ್ತಾರೆ, ಏನು ಎತ್ತಿಕೊಳ್ಳುತ್ತಾರೆ ಅಂತ ನೋಡುತ್ತಿದ್ದೇನೆ. ಎಲ್ಲರೂ ನಿಲ್ಲುವುದು ಎರಡೇ ಕಡೆ: ಶೆಟ್ಟಿ ಅಂಗಡಿ ಮತ್ತು ಜಂಬೂಸವಾರಿ.

ಅದಕ್ಕೇ ಶನಿವಾರಕ್ಕೆ ನೆಲದ ಮೇಲೆ ಇನ್ನೊಂದು ಶೆಟ್ಟಿ ಅಂಗಡಿ. ಮೇಲೆ ಶೆಟ್ಟಿ ಶೆಟ್ಟಮ್ಮನ ಮುಂದೆ ಅಕ್ಕಿ, ಬೇಳೆ, ಬೆಲ್ಲ ಇದ್ದ ಹಾಗೇ ಇರಲಿ. ಕೆಳಗೆ ಪುಟ್ಟ ತಕ್ಕಡಿ, ನಿಂಬೆಹಣ್ಣು, ಆಲೂಗಡ್ಡೆ, ಕೊಬ್ಬರಿ ಗಿಟುಕು, ಬೆಲ್ಲದ ಅಚ್ಚು. ಕಾಳು ಇಟ್ಟರೆ ಚಿಕ್ಕವರು ಮೂಗಿಗೆ ತೂರಿಸಿಕೊಳ್ಳುವ ಭಯ. ಜಂಬೂಸವಾರಿಗೆ ರಟ್ಟಿನ ಆನೆಗಳನ್ನು ಕತ್ತರಿಸಿ ಇಟ್ಟಿದ್ದೇನೆ. ಬಣ್ಣ ಹಚ್ಚುವುದು, ಬೆಂಕಿಪೊಟ್ಟಣಕ್ಕೆ ಚಿನ್ನದ ಕಾಗದ ಸುತ್ತಿ ಅಂಬಾರಿ ಮಾಡುವುದು ಮಕ್ಕಳ ಕೆಲಸ. ಹಜಾರದ ಉದ್ದಕ್ಕೂ ಸೀಮೆಸುಣ್ಣದಲ್ಲಿ ರಸ್ತೆ: ಈ ತುದಿ ಅರಮನೆ, ಆ ತುದಿ ಬನ್ನಿಮಂಟಪ.

ತಿಂಡಿ ಇಷ್ಟೇ: ಕೋಡುಬಳೆ, ಕೊಬ್ಬರಿ ಮಿಠಾಯಿ, ಕಡಲೆಕಾಳು ಉಸಲಿ, ಪಾನಕ. ಹೊರಡುವಾಗ ದೊನ್ನೆಯಲ್ಲಿ ಪುಳಿಯೋಗರೆ, ಮೊಸರನ್ನ. ಕೋಡುಬಳೆ ಇವತ್ತೇ ಕರಿದು ಡಬ್ಬಿಗೆ ತುಂಬಿದೆ. 2 ಲೋಟ ಅಕ್ಕಿ ಹಿಟ್ಟಿಗೆ ಅರ್ಧ ಲೋಟ ಚಿರೋಟಿ ರವೆ, ಬಿಸಿ ಎಣ್ಣೆ, ಕೊಬ್ಬರಿ ಜೊತೆ ರುಬ್ಬಿದ ಬ್ಯಾಡಗಿ ಮೆಣಸಿನಕಾಯಿ, ಇಂಗು, ಉಪ್ಪು. ಮಕ್ಕಳಿಗಾದ್ದರಿಂದ ಬ್ಯಾಡಗಿಯೇ ಸರಿ: ಬಣ್ಣ ಬರುತ್ತದೆ, ಖಾರ ಕಮ್ಮಿ. ಸಣ್ಣ ಉರಿಯಲ್ಲಿ, ಎಣ್ಣೆಯ ಗುಳ್ಳೆ ಅಡಗುವವರೆಗೆ ಕರಿಯಬೇಕು. ಹೂವು, ಎಲೆ ಅಡಿಕೆ ಶನಿವಾರ ಬೆಳಗ್ಗೆ ದೇವರಾಜ ಮಾರುಕಟ್ಟೆಯಿಂದ.

ಸೆಪ್ಟೆಂಬರ್ 28, ಭಾನುವಾರ

ನಿನ್ನೆ ಚೆನ್ನಾಗಿ ಆಯಿತು. ಅಂದುಕೊಂಡದ್ದಕ್ಕಿಂತ ಜನ ಜಾಸ್ತಿ, ಆದರೂ ಇಕ್ಕಟ್ಟಾಗಲಿಲ್ಲ.

ಬಂದ ಕೂಡಲೇ ಮಕ್ಕಳಿಗೆ ಹುಡುಕಾಟ ಕೊಟ್ಟೆವು: ಗಿಳಿ ಹಿಡಿದ ಗೊಂಬೆ ಯಾವುದು, ಮೀನಿನ ಬಾಲದವರು ಯಾರು, ನಿದ್ದೆ ಮಾಡುತ್ತಿರುವವರು ಎಷ್ಟು ಜನ. ಇದೊಂದರಿಂದಲೇ ಮೇಲಿನ ಮೆಟ್ಟಿಲು ಉಳಿಯಿತು ಅನ್ನಬೇಕು. ಕಣ್ಣಿಗೆ ಕೆಲಸ ಸಿಕ್ಕಮೇಲೆ ಕೈ ತಾನಾಗಿ ಹಿಂದೆ ನಿಂತಿತು. ಆಮೇಲೆ ಎಲ್ಲರೂ ನೆಲಕ್ಕೆ.

ಶೆಟ್ಟಿ ಅಂಗಡಿಯಲ್ಲಿ ನಾಲ್ಕು ವರ್ಷದ ಹುಡುಗಿಯೊಬ್ಬಳು ಕೂತವಳು ಏಳಲೇ ಇಲ್ಲ. ಒಂದು ತಟ್ಟೆಗೆ ಆಲೂಗಡ್ಡೆ, ಇನ್ನೊಂದಕ್ಕೆ ಒಂದೊಂದೇ ನಿಂಬೆಹಣ್ಣು. ಮುಳ್ಳು ನೆಟ್ಟಗಾಗುವವರೆಗೂ ಉಸಿರು ಬಿಗಿಹಿಡಿದು ನೋಡಿ, ಸಮ ಆದಮೇಲೆ ಎದುರು ಮನೆ ಆಂಟಿಗೆ, "ತಗೊಳ್ಳಿ, ಹತ್ತು ರೂಪಾಯಿ". ಆಂಟಿ ಚೌಕಾಸಿ ಮಾಡಿದರು. "ಇಲ್ಲಾರಿ, ಬೇರೆ ಕಡೆ ನೋಡ್ಕೊಳ್ಳಿ" ಅಂದಳು! ಅವಳ ಅಮ್ಮನಿಗೇ ಆಶ್ಚರ್ಯ, ಮನೆಯಲ್ಲಿ ಇಷ್ಟು ಮಾತೇ ಆಡುವುದಿಲ್ಲವಂತೆ.

ಜಂಬೂಸವಾರಿ ಹೊರಡುವ ಮುಂಚೆ ಆಂಟಿ ಕಥೆ ಹೇಳಿದರು. ರಾಜ ಒಡೆಯರು 1610ರಲ್ಲಿ ಶ್ರೀರಂಗಪಟ್ಟಣದಲ್ಲಿ ದಸರಾ ಶುರು ಮಾಡಿದ್ದು, ಈ ಸಲ ಅಂಬಾರಿ ಹೊರುವ ಆನೆ ಅಭಿಮನ್ಯು, ಅಂಬಾರಿಯ ತೂಕ ಸುಮಾರು 750 ಕಿಲೋ. "ಅಂದ್ರೆ ನನ್ನಂಥೋರು ಎಷ್ಟು ಜನ?" ಅಂತ ಒಬ್ಬ ಹುಡುಗ ಕೇಳಿದ. ಅವನ ತೂಕ 25 ಕಿಲೋ, ಮೂವತ್ತು ಜನ ಅಂತ ಲೆಕ್ಕ ಹಾಕಿದೆವು. ಆಮೇಲೆ ಆನೆ ಎಳೆದವರೆಲ್ಲ ಬಹಳ ನಿಧಾನವಾಗಿ, ಭಾರ ಹೊತ್ತವರ ಹಾಗೇ ಎಳೆದರು.

ಹಾಡು ಯಾರಿಗೂ ಬಲವಂತ ಮಾಡಲಿಲ್ಲ, ಹಾಡುವವರು ಹಾಡಿದರು. ದೊಡ್ಡವರಿಗೆ ಒಂದು ಮೂಲೆಯಲ್ಲಿ ಅಳಗುಳಿಮಣೆ, ಚೌಕಾಬಾರ ಹಾಕಿದ್ದು ಒಳ್ಳೆಯದಾಯಿತು. ತಾತಂದಿರು ಅಲ್ಲಿಂದ ಏಳಲು ಒಪ್ಪಲಿಲ್ಲ. ಆರತಿ, ತಾಂಬೂಲ, ಬುಗುರಿ, ದೊನ್ನೆ. ಏಳಕ್ಕೆ ಮುಂಚೆ ಮನೆ ಖಾಲಿ.

ಅಕ್ಟೋಬರ್ 4, ಶನಿವಾರ

ಗೊಂಬೆ ಒಳಗಿಟ್ಟಾಯಿತು. ಒಂದೊಂದನ್ನೂ ಹಳೇ ಹತ್ತಿ ಸೀರೆಯ ತುಂಡಿನಲ್ಲಿ ಸುತ್ತಿ, ಟ್ರಂಕಿನ ತಳಕ್ಕೆ ಒಣಗಿದ ಬೇವಿನ ಸೊಪ್ಪು ಹಾಕಿದೆ. ನುಸಿಗುಳಿಗೆಯನ್ನು ಈ ಸಲ ಬಿಟ್ಟೆ, ಮಕ್ಕಳು ಮುಟ್ಟುವ ಮರದ ಸಾಮಾನಿಗೆ ಅದರ ವಾಸನೆ ಬೇಡ. ಕೆಳ ಮೆಟ್ಟಿಲ ಸಾಮಾನಿಗೆ ಬೇರೆ ಡಬ್ಬಿ, ಮೇಲೆ "ಮಕ್ಕಳದು" ಅಂತ ಮಗಳೇ ಬರೆದಳು. ಅದು ಅಟ್ಟಕ್ಕೆ ಹೋಗುವುದಿಲ್ಲ, ವರ್ಷವಿಡೀ ಆಡಿಕೊಳ್ಳಲಿ.

ಮುಂದಿನ ವರ್ಷ ನವರಾತ್ರಿ ಅಕ್ಟೋಬರ್ 11ಕ್ಕೆ, ಪಕ್ಷ ಶುರುವಾಗುವುದು ಸೆಪ್ಟೆಂಬರ್ 27ಕ್ಕೆ. ಚನ್ನಪಟ್ಟಣದ ಕೆಲಸ ಅಷ್ಟರೊಳಗೆ ಮುಗಿಯಬೇಕು. ಇನ್ನೊಂದು ತಕ್ಕಡಿ ಬೇಕೇ ಬೇಕು, ಒಂದಕ್ಕೆ ಸಾಲು ನಿಂತಿದ್ದರು. ಬಣ್ಣದ ಮರದ ಗೊಂಬೆಗೆ ಹೆಸರಾದ ಕೊಪ್ಪಳದ ಕಿನ್ನಾಳಕ್ಕೆ ಹೋಗಿ ಬರುವ ಆಸೆ ಅತ್ತೆಗಿದೆ, ಮಕ್ಕಳನ್ನೂ ಕರೆದುಕೊಂಡು ಬೇಸಿಗೆ ರಜೆಯಲ್ಲಿ ನೋಡಬೇಕು. ಆಂಟಿ ಮುಂದಿನ ಸಲಕ್ಕೆ ಬೇರೆ ಕಥೆ ಹುಡುಕುತ್ತಿದ್ದಾರೆ.