ಮೊಬೈಲಿನಲ್ಲಿ ಮ್ಯಾಪ್ ಇರುವಾಗ ನಕ್ಷೆ ಓದೋದು ಯಾಕೆ?

"ಟೀಚರ್, ಮೊಬೈಲನ್ಯಾಗ ಮ್ಯಾಪ್ ಅದಲ್ರಿ, ಮತ್ತ ಈ ಸ್ಕೇಲು, ಗೆರಿ ಎಲ್ಲಾ ಯಾಕ್ರಿ?"

ಯಾದಗಿರಿ ಜಿಲ್ಲೆಯ ಸರ್ಕಾರಿ ಪ್ರೌಢಶಾಲೆಯೊಂದರಲ್ಲಿ ಸಮಾಜ ವಿಜ್ಞಾನ ಕಲಿಸುವ ನನಗೆ ಈ ಪ್ರಶ್ನೆ ವರ್ಷವೂ ಬರುತ್ತದೆ. ಮಕ್ಕಳು ಕೇಳುತ್ತಾರೆ, ಪಾಲಕರ ಸಭೆಗೆ ಬಂದವರು ಕೇಳುತ್ತಾರೆ, ಮದುವೆ ಮನೆಯಲ್ಲಿ ಸಿಕ್ಕ ನೆಂಟರೂ ಕೇಳುತ್ತಾರೆ. ಕೆಲವರು ಇನ್ನೊಂದನ್ನೂ ಸೇರಿಸುತ್ತಾರೆ: ಭೂಗೋಳ ಅಂದರೆ ನದಿ, ಬೆಟ್ಟ, ರಾಜಧಾನಿಗಳ ಹೆಸರು ಬಾಯಿಪಾಠ ಮಾಡುವುದು ತಾನೆ, ಅದರಲ್ಲಿ "ಮಾನವ ಭೂಗೋಳ" ಎಲ್ಲಿಂದ ಬಂತು? ಎರಡಕ್ಕೂ ಸೇರಿಸಿಯೇ ಉತ್ತರ ಹೇಳುತ್ತೇನೆ.

ಮೊಬೈಲು ದಾರಿಯನ್ನು ಚೆನ್ನಾಗಿಯೇ ತೋರಿಸುತ್ತದೆ. ಗೊತ್ತಿಲ್ಲದ ಊರಿಗೆ ಹೊರಟಾಗ ನಾನೂ ಅದನ್ನೇ ನೋಡುತ್ತೇನೆ. ಊರು ಬಂತು, ಇಳಿದೆವು, ಅಲ್ಲಿಗೆ ಅದರ ಕೆಲಸ ಮುಗಿಯಿತು. ಆ ಊರು ಅಲ್ಲೇ ಯಾಕೆ ಕೂತಿದೆ, ಅಲ್ಲಿಯ ಜನ ಯಾವ ನೀರು ನಂಬಿ ಬದುಕಿದರು, ಈಗ ಯಾವ ಕಡೆ ದುಡಿಯಲು ಹೋಗುತ್ತಾರೆ ಎಂದು ಕೇಳುವುದು ಮಾನವ ಭೂಗೋಳ. ಹಾಗೆ ಕೇಳಲು ಊರು, ಹಳ್ಳ, ಗುಡ್ಡ, ದಾರಿ ಎಲ್ಲ ಒಂದೇ ನೋಟಕ್ಕೆ ಒಟ್ಟಿಗೆ ಕಾಣಬೇಕು. ಅದಕ್ಕೇ ಹಾಳೆಯ ನಕ್ಷೆ ಬೇಕು.

1767ರಲ್ಲಿ ಶುರುವಾದ, ದೇಶದ ನಕ್ಷೆ ಮಾಡುವ ಸರ್ಕಾರಿ ಸಂಸ್ಥೆ ಸರ್ವೇ ಆಫ್ ಇಂಡಿಯಾದ ಟೋಪೋಶೀಟನ್ನು, ಅಂದರೆ ಊರು, ಹಳ್ಳ, ಗುಡ್ಡ, ದಾರಿ ಎಲ್ಲ ತೋರಿಸುವ ನಕ್ಷೆಯ ಹಾಳೆಯನ್ನು, ತರಗತಿಯಲ್ಲಿ ನೆಲದ ಮೇಲೆ ಹಾಸುತ್ತೇನೆ. ಅದರ ಪ್ರಮಾಣ 1:50,000, ಅಂದರೆ ನಕ್ಷೆಯ 2 ಸೆಂಟಿಮೀಟರು ನೆಲದ ಮೇಲೆ 1 ಕಿಲೋಮೀಟರು. ಮೊದಲು ಉತ್ತರಕ್ಕೆ ಉತ್ತರ ಹೊಂದಿಸಿ ಕೂರುತ್ತೇವೆ. ಆಮೇಲೆ ಒಬ್ಬರು ಹೊಲಿಗೆ ದಾರ ಹಿಡಿದು ಹಳ್ಳದ ಗುಂಟ ತಿರುವು ತಿರುವಿಗೆ ಬೆರಳಿಂದ ಒತ್ತುತ್ತಾ ಹೋಗುತ್ತಾರೆ. ದಾರ ಎಳೆದು ಸ್ಕೇಲಿನ ಮೇಲಿಟ್ಟರೆ 9 ಸೆಂಟಿಮೀಟರು. ಹಳ್ಳದ ನೀರು ನಾಲ್ಕೂವರೆ ಕಿಲೋಮೀಟರು ಹರಿದಿದೆ. ಅದೇ ಎರಡು ತುದಿಗಳ ನಡುವೆ ನೇರ ಅಳೆದರೆ 6, ಅಂದರೆ ಮೂರೇ ಕಿಲೋಮೀಟರು. ಸ್ಕೇಲು ಯಾಕೆ ಎಂದು ಆ ಮಕ್ಕಳು ಮತ್ತೆ ಕೇಳಿಲ್ಲ.

ಒಂದೇ ಎತ್ತರದ ಜಾಗಗಳನ್ನು ಜೋಡಿಸುವ ಕಂದು ಬಣ್ಣದ ಸಮೋನ್ನತಿ ರೇಖೆಗಳು ಮಾತ್ರ ಎಲ್ಲರಿಗೂ ಕಷ್ಟ. ಒಂದು ಗೆರೆಗೂ ಮುಂದಿನ ಗೆರೆಗೂ 20 ಮೀಟರ್ ಎತ್ತರದ ವ್ಯತ್ಯಾಸ. ಗೆರೆಗಳು ಒತ್ತಿಕೊಂಡಿದ್ದರೆ ಕಡಿದಾದ ಏರು, ದೂರವಿದ್ದರೆ ಬಯಲು. ನಾನು ಕೇಳುವುದು ಇಷ್ಟೇ: ನಿಮ್ಮೂರಾಗ ಮ್ಯಾಲಿನ ಓಣಿ ಯಾವುದು, ಕೆಳಗಿನ ಓಣಿ ಯಾವುದು? ಮಳೆ ನೀರು ಯಾರ ಮನಿ ಮುಂದಿಂದ ಯಾರ ಮನಿ ಕಡೆ ಹರಿತದ? ಎಲ್ಲರಿಗೂ ಗೊತ್ತು. ಆ ಗೊತ್ತಿರುವುದನ್ನೇ ಕಾಗದದ ಮೇಲೆ ಗೆರೆಯಾಗಿ ಎಳೆದಿದ್ದಾರೆ.

ಒಮ್ಮೆ ನಮ್ಮ ಸುತ್ತಲಿನ ಹಳ್ಳಿಗಳನ್ನು ನಕ್ಷೆಯಲ್ಲಿ ಗುರುತಿಸುವಾಗ, ಬಹಳಷ್ಟು ಊರುಗಳು ಎರಿ (ಕಪ್ಪು ಮಣ್ಣಿನ) ಹೊಲದ ನಡುವೆ ಇಲ್ಲದೆ ಸ್ವಲ್ಪ ಎತ್ತರದ ಮಡ್ಡಿ (ಗಟ್ಟಿ) ನೆಲದಲ್ಲಿ ಇರುವುದನ್ನು ಮಕ್ಕಳೇ ಕಂಡುಹಿಡಿದರು. ಕಾರಣ ಹೇಳಿದ್ದು ಒಬ್ಬ ಹುಡುಗಿಯ ಅಜ್ಜ: "ಎರಿ ಮಣ್ಣು ಮಳಿಗಾಲದಾಗ ಉಬ್ಬತದ, ಬ್ಯಾಸಗ್ಯಾಗ ಬಿರಿತದ. ಅದರ ಮ್ಯಾಗ ಗ್ವಾಡಿ ಹೆಂಗ ನಿಲ್ಲತದವ್ವಾ?" ತೊಗರಿ, ಜೋಳಕ್ಕೆ ಆ ನೆಲ, ಮನೆಗೆ ಈ ನೆಲ.

ಇದಕ್ಕಿಂತ ದೊಡ್ಡ ಉದಾಹರಣೆ ಬೇಕೆಂದರೆ ಬೀದರಿಗೆ ಹೋಗಬೇಕು. ಬೀದರ್ ನಗರ ಕೂತಿರುವುದು ಜಂಬಿಟ್ಟಿಗೆಯ ಪ್ರಸ್ಥಭೂಮಿಯ ಮೇಲೆ, ಕೋಟೆ ಅದರ ಅಂಚಿನಲ್ಲಿ. ಅಲ್ಲಿ ಝರಿ ಇರುವ ಕ್ಷೇತ್ರಗಳಾದ ನರಸಿಂಹ ಝರಣಿ, ಪಾಪನಾಶ, ಗುರುನಾನಕ್ ಝೀರಾ, ಮೂರನ್ನೂ ನಕ್ಷೆಯಲ್ಲಿ ಗುರುತು ಹಾಕಿ ನೋಡಿ. ಮೂರೂ ನೆಲ ತಗ್ಗಿಗೆ ಇಳಿಯುವ ಕಡೆಯೇ ಇವೆ. ತೂತು ತೂತಾದ ಕೆಂಪು ಜಂಬಿಟ್ಟಿಗೆ ಮಳೆ ನೀರನ್ನು ಒಳಗೆ ಬಿಟ್ಟುಕೊಳ್ಳುತ್ತದೆ. ಕೆಳಗಿನ ಜೇಡಿ, ಕಪ್ಪು ಕಲ್ಲಿನ ಪದರ ಅದನ್ನು ತಡೆಯುತ್ತದೆ. ತಡೆದ ನೀರು ಅಡ್ಡ ಸರಿದು, ನೆಲ ಇಳಿದಲ್ಲಿ ಝರಿಯಾಗಿ ಹೊರಬರುತ್ತದೆ. ಎರಡು ಹಿಂದೂ ಕ್ಷೇತ್ರ, ಒಂದು ಸಿಖ್ ಕ್ಷೇತ್ರ, ಮೂರರ ನೀರೂ ಒಂದೇ ಬಗೆಯ ಕಲ್ಲಿನಿಂದ ಇಳಿದು ಬರುತ್ತದೆ ಎನ್ನುವುದು ನನಗೆ ಬಹಳ ಇಷ್ಟದ ಸಂಗತಿ.

ಬಹಮನಿ ಕಾಲದವರು ಝರಿ ಎಲ್ಲಿದೆಯೋ ಅಲ್ಲಿಗೇ ಹೋಗಿ ನೀರು ತರೋಣ ಎಂದು ಸುಮ್ಮನಿರಲಿಲ್ಲ. ಪರ್ಷಿಯಾದ ಕರೇಜ್ ವಿದ್ಯೆ ತಂದು ನೆಲದಡಿ ಇಳಿಜಾರಾದ ಸುರಂಗ ತೋಡಿದರು. ಬೀದರಿನ ನೌಬಾದ್ ಕಡೆ ಸುರಂಗದ ಮೇಲಿನ ಬಾವಿಗಳು ಸಾಲಾಗಿ ಕಾಣುತ್ತವೆ. ನೆಲ ಮತ್ತು ಮನುಷ್ಯನ ನಂಟಿನ ಬಗ್ಗೆ ಮಾನವ ಭೂಗೋಳದಲ್ಲಿ ಎರಡು ವಾದ ಇವೆ. ನೆಲ, ಹವಾಮಾನ ಮನುಷ್ಯನ ಬದುಕನ್ನು ರೂಪಿಸುತ್ತವೆ ಎಂದು ಜರ್ಮನಿಯ ಭೂಗೋಳ ಶಾಸ್ತ್ರಜ್ಞ ರಾಟ್ಜೆಲ್ ಒತ್ತಿ ಹೇಳಿದರೆ, ನಿಸರ್ಗ ಅವಕಾಶಗಳನ್ನು ಒಡ್ಡುತ್ತದೆ, ಆರಿಸಿಕೊಳ್ಳುವವನು ಮನುಷ್ಯ ಎಂದವರು ಫ್ರಾನ್ಸಿನ ವಿಡಾಲ್ ಡ ಲಾ ಬ್ಲಾಶ್. ಪಠ್ಯದಲ್ಲಿ ಈ ಎರಡು ವಾದ ತಲೆಗೆ ಹತ್ತದ ಮಕ್ಕಳಿಗೆ ಸುರಂಗ ಬಾವಿ ತೋರಿಸಿದರೆ ಹತ್ತುತ್ತದೆ.

ದೂರದ ಮಾತೂ ಹಾಗೆಯೇ. ನಕ್ಷೆಯಲ್ಲಿ ಕಲಬುರಗಿಗೂ ಬೀದರಿಗೂ ನಡುವಿನ ಅಂತರ ಎಂದೂ ಬದಲಾಗಿಲ್ಲ. ಆದರೆ 2017ರಲ್ಲಿ ನೇರ ರೈಲು ಮಾರ್ಗ ಆಗುವ ತನಕ ರೈಲಿನಲ್ಲಿ ಹೋಗುವವರು ವಾಡಿ, ತಾಂಡೂರು, ವಿಕಾರಾಬಾದ್ ಸುತ್ತಿ ಬರಬೇಕಿತ್ತು. ಸೆಂಟಿಮೀಟರಿನಲ್ಲಿ ಅಳೆಯುವ ದೂರ ಒಂದು, ಹೊತ್ತಿನಲ್ಲಿ, ಟಿಕೆಟ್ಟಿನ ದುಡ್ಡಿನಲ್ಲಿ ಅಳೆಯುವ ದೂರ ಇನ್ನೊಂದು. ಜನ ಬದುಕುವುದು ಎರಡನೆಯದರಲ್ಲಿ.

ಕಳೆದ ವರ್ಷ ಗೋಡೆಗೆ ಕರ್ನಾಟಕದ ನಕ್ಷೆ ಹಚ್ಚಿ, ಮನೆಯಿಂದ ಗುಳೆ ಹೋದವರು ಎಲ್ಲಿದ್ದಾರೋ ಅಲ್ಲಿಗೆ ಗುಂಡುಸೂಜಿ ಚುಚ್ಚಿ, ನಮ್ಮೂರಿನಿಂದ ದಾರ ಎಳೆಯಿರಿ ಎಂದೆ. ಬೆಂಗಳೂರಿಗೆ ದಾರಗಳ ಕಟ್ಟೇ ಆಯಿತು. ಹೈದರಾಬಾದಿನ ಸೂಜಿಗಳು ರಾಜ್ಯದ ಗಡಿಯಾಚೆ, ಹೆಸರೇ ಇಲ್ಲದ ಬಿಳಿ ಕಾಗದದ ಮೇಲೆ ಬಿದ್ದವು. 1956ರವರೆಗೆ ನಮ್ಮ ಜಿಲ್ಲೆಗಳಿಗೆ ಅದೇ ರಾಜಧಾನಿ ಆಗಿತ್ತು ಎಂದು ಆಗ ಹೇಳಿದೆ.

ಕೊನೆಗೆ ತಾಂಡಾದ ಹುಡುಗನೊಬ್ಬ ದಾರ ಹಿಡಿದು ನಿಂತೇ ಇದ್ದ. ಅವನ ಅಪ್ಪ-ಅವ್ವ ಇದ್ದದ್ದು ಮುಂಬೈಯಲ್ಲಿ. "ಟೀಚರ್, ನಕ್ಷೆ ಮುಗೀತ್ರಿ," ಎಂದ. ಗೋಡೆಗೆ ಚುಚ್ಚು ಎಂದೆ. ನಕ್ಷೆಯ ಅಂಚು ದಾಟಿ, ಒಂದು ಗೇಣಿನಷ್ಟು ದೂರ ಅಳೆದು, ಸುಣ್ಣದ ಗೋಡೆಗೆ ಸೂಜಿ ಒತ್ತಿದ. ಎಷ್ಟು ದೂರ ಎಂದು ಹೇಗೆ ತಿಳಿಯಿತು ಎಂದು ಕೇಳಿದರೆ, ಮೂಲೆಯ ಸ್ಕೇಲು ತೋರಿಸಿದ.